ಇಪ್ಪತ್ತನಾಲ್ಕು ಡಬ್ಬಗಳ ಗತ್ತು

ಪರಿಸರ ಇಲಾಖೆಯ ಸುತ್ತೋಲೆ ಬಂದ ದಿನದಿಂದ ಕಾರಿನ ಬಿಡಿಭಾಗಗಳ ಅಂಗಡಿಯವನು ಎರಡಂಗುಲ ಎತ್ತರವಾಗಿದ್ದ. ಜನ ತಮ್ಮ ಕಾರಿನ ಏಸಿಗೆ ತಾವೇ ಗ್ಯಾಸ್ ತುಂಬಿಕೊಂಡು ಬಿಸಾಡುತ್ತಿದ್ದ ಸಣ್ಣ ಡಬ್ಬಗಳನ್ನು ಇನ್ನು ಯಾರಿಗೂ ಮಾರಕೂಡದು, ಅದರಲ್ಲಿ ಉಳಿದ ಗ್ಯಾಸು ಸೋರಿ ಭೂಮಿಯ ಬಿಸಿ ಏರಿಸುತ್ತದೆ ಎಂದು ಅದರಲ್ಲಿತ್ತು. ಅವನು ಅದನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ ಬಾಗಿಲ ಗಾಜಿಗೆ ಅಂಟಿಸಿದ. ಬೀದಿಯವರು ಅವನಿಗೆ ‘ರೂಲ್ಸಣ್ಣ’ ಎಂದು ಹೆಸರಿಟ್ಟರು. ಅವನಿಗೆ ಅದು ಬಿರುದಿನಂತೆ ಕೇಳಿಸಿತು.

ಅಂಗಡಿಯಲ್ಲಿ ಇಪ್ಪತ್ತನಾಲ್ಕು ಡಬ್ಬ ಉಳಿದಿದ್ದವು. ಅವನ್ನು ಒರೆಸಿ, ಗ್ರೂಪ್ ಫೋಟೋಕ್ಕೆ ನಿಂತ ನೆಂಟರ ಹಾಗೆ ಶೋಕೇಸಿನಲ್ಲಿ ಸಾಲಾಗಿ ನಿಲ್ಲಿಸಿ ‘ಮಾರಾಟಕ್ಕಿಲ್ಲ’ ಎಂದು ಬೋರ್ಡು ತಗುಲಿಸಿದ. ಇಟ್ಟುಕೊಂಡೂ ಮಾರದಿರುವುದರಲ್ಲೇ ಗತ್ತು ಎಂಬುದು ಅವನ ವಾದ.

ಎರಡು ವಾರ ಕಳೆದು ಒಂದು ದಿನ, ಬೆಳಗ್ಗೆ ಹತ್ತಕ್ಕೇ ಬಿಸಿಲು ನೆತ್ತಿ ಸುಡುತ್ತಿತ್ತು. ಮೊದಲು ಬಂದವನು ಟ್ಯಾಕ್ಸಿ ಡ್ರೈವರ್.

“ಒಂದು ಡಬ್ಬ ಕೊಡಣ್ಣ. ಪ್ಯಾಸೆಂಜರು ಒಳಗೆ ಬೇಯ್ತಾ ಇದಾರೆ.”

“ಓದಕ್ಕೆ ಬರುತ್ತಾ? ಬಾಗಿಲು ನೋಡು. ಟ್ರೇನಿಂಗ್ ಆಗಿರೋ ಮೆಕ್ಯಾನಿಕ್ ಹತ್ರ ಹೋಗು, ಅವನ ಹತ್ರ ಮತ್ತೆ ಮತ್ತೆ ತುಂಬೋ ಸಿಲಿಂಡರ್ ಇರುತ್ತೆ.”

“ಶೋಕೇಸಲ್ಲೇ ಇದೆಯಲ್ಲ.”

“ಇದೆ. ಆದ್ರೆ ಕೊಡಲ್ಲ,” ಎಂದ ರೂಲ್ಸಣ್ಣ, ಮೀಸೆಯ ತುದಿ ಸವರಿಕೊಳ್ಳುತ್ತ.

ಪಕ್ಕದಂಗಡಿಯ ಟೈಲರ್ ಹೊಲಿಗೆ ಮಷಿನ್ನಿನಿಂದ ಕಾಲು ತೆಗೆದು ಇದನ್ನೆಲ್ಲ ಕೇಳಿಸಿಕೊಂಡ. ಡ್ರೈವರನ ಕಿವಿಯಲ್ಲಿ, “ಸುಮ್ನೆ ಇಟ್ಟಿರ್ತಾನಾ? ಹಿಂಬಾಗಿಲಲ್ಲಿ ಬೇಕಾದವರಿಗೆ ಕೊಡ್ತಾನೆ, ನೋಡ್ತಿರು,” ಎಂದ. ಮಧ್ಯಾಹ್ನದ ಹೊತ್ತಿಗೆ ಆ ಮಾತಿಗೆ ಕೈಕಾಲು ಮೂಡಿ, ಅಂಗಡಿಯ ಹಿಂಬಾಗಿಲಲ್ಲಿ ಎಂಟು ಜನ ಸಾಲು ನಿಂತಿದ್ದರು. ಒಬ್ಬೊಬ್ಬರೂ ಕಣ್ಣು ಮಿಟುಕಿಸುವವರೇ.

“ನಾನು ಯಾರಿಗೂ ಹೇಳಲ್ಲ,” ಎಂದರು ಸಾಲಿನ ಮುಂದಿದ್ದ ಮೇಷ್ಟ್ರು.

“ಹೇಳೋ ಅಂಥದ್ದೇನೂ ಇಲ್ಲ ಮೇಷ್ಟ್ರೇ,” ಎಂದು ಅವನು ಚಿಲಕ ಹಾಕಿದ.

ಆಗ ಮುಂಬಾಗಿಲಿಂದ ಹೆಂಡತಿಯ ಅಣ್ಣ ಬಂದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. “ಒಂದೇ ಒಂದು ಡಬ್ಬ. ಹೊರಗಿನವನಾ ನಾನು?”

“ಕಾಯ್ದೆಗೆ ಒಳಗಿನವರು ಹೊರಗಿನವರು ಅಂತ ಇಲ್ಲ ಭಾವ.”

ಭಾವ ಫೋನಿನಲ್ಲಿ ತಂಗಿಯನ್ನು ಹಿಡಿದ. ಸ್ಪೀಕರಿನಿಂದ ಹೆಂಡತಿಯ ದನಿ ಅಂಗಡಿ ತುಂಬ ಹರಡಿತು: “ನಮ್ಮಣ್ಣಂಗೆ ಒಂದು ಡಬ್ಬ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?”

ರೂಲ್ಸಣ್ಣ ಫೋನಿಗೇ ಕೈಮುಗಿದ. ಆದರೂ ಕೊಡಲಿಲ್ಲ. ಭಾವ ಬಾಗಿಲು ಬಡಿದು ಹೊರಟಾಗ ಹಿಂಬಾಗಿಲ ಸಾಲು ಮುಂಬಾಗಿಲಿಗೆ ಬಂದಿತ್ತು. “ದೊಡ್ಡವರಿಗೆ ಮಾತ್ರ ಕೊಡ್ತಾನೆ,” ಎಂದು ಟೈಲರ್ ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

ಬೇರೆ ಏನಂದಿದ್ದರೂ ಅವನು ನುಂಗಿಕೊಳ್ಳುತ್ತಿದ್ದ. ಇದನ್ನು ಮಾತ್ರ ನುಂಗಲಾಗಲಿಲ್ಲ. ಎಲ್ಲರೆದುರೇ ಇಲಾಖೆಗೆ ಫೋನು ಹಚ್ಚಿದ. “ಮೇಡಂ, ನೀವೇ ಬಂದು ಎಣಿಸಿ. ಸುತ್ತೋಲೆ ಬಂದಮೇಲೆ ಒಂದೇ ಒಂದು ಡಬ್ಬ ಈ ಅಂಗಡಿಯಿಂದ ಹೋಗಿದ್ರೆ ನನ್ನ ಹೆಸರು ಬೇರೆ ಇಡಿ.”

ಇನ್‌ಸ್ಪೆಕ್ಟರ್ ಮೇಡಂ ನಾಲ್ಕು ಗಂಟೆಗೆ ಬಂದರು. ಬಂದ ಸ್ಟಾಕಿನ ಚೀಟಿ, ಸುತ್ತೋಲೆಗೆ ಮುಂಚೆ ಮಾರಿದ ಬಿಲ್ಲು ಎಲ್ಲ ತಾಳೆ ನೋಡಿದರು. ಶೋಕೇಸಿನ ಮುಂದೆ ನಿಂತು ಎರಡೆರಡು ಸಲ ಎಣಿಸಿದರು. “ಸರಿಯಾಗಿ ಇಪ್ಪತ್ತನಾಲ್ಕು. ಒಂದೂ ಮಾರಿಲ್ಲ.”

ರೂಲ್ಸಣ್ಣ ಟೈಲರನ ಕಡೆ ತಿರುಗಿದ. ಟೈಲರ್ ತನ್ನ ಅಳತೆಪಟ್ಟಿ ನೋಡತೊಡಗಿದ. ಮೇಡಂ ಬ್ಯಾಗಿನಿಂದ ಒಂದು ಪುಸ್ತಕ ತೆಗೆದು ಬರೆಯಲು ಕೂತರು. ಮೆಚ್ಚುಗೆ ಪತ್ರವೇ ಇರಬೇಕೆಂದು ಅವನು ಕುರ್ಚಿ ಒರೆಸಿಕೊಟ್ಟ, ಫ್ಯಾನು ಅವರ ಕಡೆ ತಿರುಗಿಸಿದ.

“ಸುತ್ತೋಲೆಯ ಎರಡನೇ ಪುಟ ಓದಿದ್ರಾ?” ಎಂದು ಅವರು ತಲೆ ಎತ್ತದೆ ಕೇಳಿದರು.

“ಮೊದಲನೇ ಪುಟದಲ್ಲೇ ಎಲ್ಲ ಅರ್ಥ ಆಯ್ತು ಮೇಡಂ.”

“ಮಾರೋದಷ್ಟೇ ಅಲ್ಲ, ಅಂಗಡೀಲಿ ಇಟ್ಕೊಳ್ಳೋದೂ ಅಪರಾಧ. ಹೋದ ವಾರವೇ ವಾಪಸ್ ಕೊಡಬೇಕಿತ್ತು. ಬೇರೆಯವರೆಲ್ಲ ಕೊಟ್ಟಿದಾರೆ. ಡಬ್ಬ ಜಪ್ತಿ, ಅಂಗಡಿ ಮೂರು ದಿನ ಬಂದ್.”

ಟೈಲರ್ ಕೂಡ ನಗಲಿಲ್ಲ. ಮೇಡಂ ಹರಿದುಕೊಟ್ಟ ನೋಟೀಸನ್ನು ರೂಲ್ಸಣ್ಣ ಮೇಲಿನಿಂದ ಕೆಳಗಿನವರೆಗೆ ಓದಿದ.

“ಮೇಡಂ, ಈ ಕಾಯ್ದೆ ಕೆಳಗೆ ಊರಲ್ಲಿ ಬೇರೆ ಯಾರ ಮೇಲಾದ್ರೂ ಕೇಸು ಹಾಕಿದೀರಾ?”

“ಇಲ್ಲ. ನೀವೇ ಮೊದಲು.”

ಅವನು ಕಾಲರು ಸರಿಮಾಡಿಕೊಂಡು, ನೋಟೀಸನ್ನು ಅವರಿಗೆ ವಾಪಸ್ ಕೊಟ್ಟ.

“ಹಾಗಾದ್ರೆ ಹೆಸರು ಪೂರ್ತಿ ಬರೀರಿ. ಇನಿಷಿಯಲ್ಲು ಬಿಟ್ಟುಹೋಗಿದೆ.”