ಸಿಡಿಲನ ವಂಶಾವಳಿ

ತನ್ನ ನಾಯಿ ಸಿಡಿಲನ ವಂಶಾವಳಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೇ ಗಡಿಯಾರ ರಿಪೇರಿಯವನು ಮಾಡಿದ ತಪ್ಪು. ಏಣಿ ಕೇಳಲು ಬಂದ ಪಕ್ಕದ ಮನೆಯಾಕೆ ಅದನ್ನು ಮೂರು ಸಲ ಓದಿದಳು. ಸಿಡಿಲನ ಅಜ್ಜ ಜೈಲು ಕಾದವನು, ಮುತ್ತಜ್ಜಿ ಇಬ್ಬರು ಕಳ್ಳರನ್ನು ಕಚ್ಚಿ ಪದಕ ಗಳಿಸಿದವಳು. ಏಣಿ ಬಾಗಿಲ ಬಳಿಯೇ ಉಳಿಯಿತು, ಸುದ್ದಿ ಮಾತ್ರ ನಾಲ್ಕೂ ಮಹಡಿ ಹತ್ತಿತು.

ಹತ್ತು ಗಂಟೆಗೆಲ್ಲ ವಸತಿ ಸಂಘದ ಅಧ್ಯಕ್ಷರ ಚೀಟಿ ಬಂತು. ಉಗ್ರ ತಳಿಯ ನಾಯಿ ಸಂಜೆಯೊಳಗೆ ಜಾಗ ಖಾಲಿ ಮಾಡಬೇಕು. ಆ ಉಗ್ರ ಪ್ರಾಣಿ ಆಗ ಮಿಕ್ಸಿಯ ಸದ್ದಿಗೆ ಹೆದರಿ ಮಂಚದ ಕೆಳಗೆ ಸೇರಿಕೊಂಡಿತ್ತು. ಮೂರು ವರ್ಷದಲ್ಲಿ ಅದು ಕಚ್ಚಿದ್ದು ಒಂದೇ ಒಂದು ಚಪ್ಪಲಿ.

ಗಡಿಯಾರದವನು ಅಂಗಡಿ ಮುಚ್ಚಿ ಮನೆಮನೆಯ ಬಾಗಿಲು ತಟ್ಟಿದ. ಎಲ್ಲರೂ ನಾಯಿಶಾಸ್ತ್ರ ಅರೆದು ಕುಡಿದವರೇ. ಕ್ರೌರ್ಯ ರಕ್ತದಲ್ಲೇ ಇರುತ್ತದೆ ಎಂದರು ಮೇಲಿನ ಮನೆಯ ದಂತವೈದ್ಯರು. ಸುಮ್ಮನಿರುವ ನಾಯಿ ಏನೋ ಯೋಜನೆ ಹಾಕುತ್ತಿರುತ್ತದೆ ಎಂದಳು ಏಣಿಯಾಕೆ. ಆ ಹೊತ್ತಿಗೆ ಅಧ್ಯಕ್ಷರ ಮುದ್ದಿನ ಬಿಳಿ ನಾಯಿ ಮುತ್ತು ದಂತವೈದ್ಯರ ಪ್ಯಾಂಟು ಜಗ್ಗುತ್ತಿತ್ತು. ಅದರ ಹಲ್ಲಿನ ಗುರುತಿಲ್ಲದ ಕಾಲು ಆ ಕಟ್ಟಡದಲ್ಲೇ ಇರಲಿಲ್ಲ. ಆದರೆ ಅದಕ್ಕೆ ವಂಶಾವಳಿ ಪತ್ರವಿರಲಿಲ್ಲ, ಹಾಗಾಗಿ ದಾಖಲೆಯ ಪ್ರಕಾರ ಅದು ಸಾಧು.

ಕೊನೆಗೆ ಅವನು ಗೋಗರೆದು ಅಧ್ಯಕ್ಷರನ್ನು ಒಂದು ಪರೀಕ್ಷೆಗೆ ಒಪ್ಪಿಸಿದ. ನಾಲ್ಕು ಗಂಟೆಗೆ ಸಂಘದ ಕೋಣೆಯಲ್ಲಿ ನಾಯಿ ತರಬೇತುದಾರ ಸಿಡಿಲನ ಬಾಲ ಎಳೆದ, ಮುಖದೆದುರು ಛತ್ರಿ ಬಿಚ್ಚಿದ, ತಿನ್ನುತ್ತಿದ್ದ ತಟ್ಟೆ ಕಿತ್ತುಕೊಂಡ. ಬೇಕಾದರೆ ನೀನೇ ತಿನ್ನು ಎನ್ನುವಂತೆ ಸಿಡಿಲ ಮಲಗಿಬಿಟ್ಟಿತು. ಪಾಸು ಎಂದು ಬರೆಯಲು ತರಬೇತುದಾರ ಪೆನ್ನು ತೆಗೆದ. ಅಷ್ಟರಲ್ಲಿ ಅಧ್ಯಕ್ಷರ ಮಡಿಲಿನಿಂದ ಹಾರಿದ ಮುತ್ತು ಅವನ ಹೆಬ್ಬೆರಳು ಕಚ್ಚಿತು.

ಗಡಿಯಾರದವನು ಬಾಯಿ ಮುಚ್ಚಿಕೊಂಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಗೆದ್ದ ಹುಮ್ಮಸ್ಸಿನಲ್ಲಿ ಎದ್ದು ನಿಂತ.

"ತಳಿ ಅನ್ನೋದು ಅರ್ಧ ಮಾತು ಸಾರ್. ಉಳಿದರ್ಧ ಸಾಕಿದವರದು. ಈ ಮುತ್ತುನೂ ನಾನು ಸಾಕಿದ್ರೆ ಸಿಡಿಲನ ಥರಾನೇ ಇರ್ತಿತ್ತು."

ಅಧ್ಯಕ್ಷರಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನೆಮ್ಮದಿ. ಅವರು ಅಂಗಿಯ ತೋಳು ಮೇಲೇರಿಸಿ ಮೊಣಕೈವರೆಗಿನ ಗಾಯಗಳನ್ನು ಪ್ರೀತಿಯಿಂದ ನೋಡಿಕೊಂಡರು.

"ಒಪ್ಪಿದೆ, ತಪ್ಪು ನಂದೇ. ಇವತ್ತಿಂದ ಮುತ್ತು ನಿಮ್ಮನೇಲಿ. ಇದ್ರೆ ಎರಡೂ ಇರ್ಲಿ, ಹೋದ್ರೆ ಎರಡೂ ಹೋಗ್ಲಿ."

ಆ ಸಂಘದ ಇತಿಹಾಸದಲ್ಲಿ ಮೊದಲ ಸಲ ನಿರ್ಣಯ ಅವಿರೋಧವಾಗಿ ಪಾಸಾಯಿತು.

ಆರು ಗಂಟೆಗೆ ಮುತ್ತು ಒಳಗೆ ಸೋಫಾದ ಮೇಲಿತ್ತು, ಗಡಿಯಾರದವನ ಹೆಂಡತಿ ಊಟದ ಮೇಜಿನ ಮೇಲಿದ್ದಳು. ಅವನೂ ಸಿಡಿಲನೂ ಹೊಸ್ತಿಲಾಚೆ ನಿಂತಿದ್ದರು.

"ನೀನೇ ಮೊದಲು ಹೋಗಪ್ಪ," ಎಂದು ಅವನು ಸಿಡಿಲನನ್ನು ಹಿಂದಿನಿಂದ ನೂಕಿದ. "ನಿಮ್ಮಜ್ಜ ಜೈಲು ಕಾದವನು."

ಸಿಡಿಲ ಜೀವಮಾನದಲ್ಲಿ ಮೊದಲ ಸಲ ಹಲ್ಲು ಬಿಟ್ಟು ಗುರ್ರೆಂದಿತು, ಅದೂ ಅವನ ಕಡೆಗೇ ತಿರುಗಿ. ಏಣಿ ಒಯ್ಯಲು ಆಗಷ್ಟೇ ಬಂದಿದ್ದ ಪಕ್ಕದ ಮನೆಯಾಕೆ ಅದನ್ನು ಕಣ್ಣಾರೆ ಕಂಡಳು. ಏಣಿಯನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು.