ಹೊರಗಿನವರ ಕೋಡಿಗೊಂದು ರಿಜಿಸ್ಟರ್

ಸಾಫ್ಟ್‌ವೇರ್ ಮಾಡುವವರ ಮನೆಯಲ್ಲಿ ನಗುವ ಸಂಗತಿಗೆ ಬರವಿಲ್ಲ. ನಗಲು ಹೊರಗಿನವರಾಗಿರಬೇಕು, ಅಷ್ಟೆ. ಮಣಿಪಾಲದ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಮಗಳು, ಅಳಿಯ ಕಚೇರಿ ನಡೆಸುತ್ತಾರೆ. ಗಿರಾಕಿ ಒಬ್ಬರೇ, ಕಾರ್ಕಳದ ಒಂದು ರಕ್ತಪರೀಕ್ಷೆಯ ಲ್ಯಾಬ್. ಅದು ಕೈಬಿಟ್ಟರೆ ಕೋಣೆಗೆ ಬೀಗ. ನಾನು ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು. ಹೊರಗಿನವರು ಬರೆದ ಯಾವ ಯಾವ ಕೋಡ್ ನಮ್ಮ ಸಾಫ್ಟ್‌ವೇರಿನೊಳಗೆ ಸೇರಿದೆ ಎಂದು ರಿಜಿಸ್ಟರ್ ಇಟ್ಟಿದ್ದೇನೆ. ಇಡು ಎಂದು ಯಾರೂ ಹೇಳಿಲ್ಲ.

೧. ಹನ್ನೆರಡು

ಮೊದಲ ದಿನ ಅಳಿಯನನ್ನು ಕೇಳಿದೆ, "ಹೊರಗಿನದು ಎಷ್ಟು ಉಂಟು?"

"ಹನ್ನೆರಡು, ಮಾಮಿ."

ಪೂರ್ತಿ ಪಟ್ಟಿ ತೆಗೆಸಿದೆ. ಆ ಹನ್ನೆರಡಕ್ಕೆ ಬೇರೆಯವರ ಕೋಡ್ ಬೇಕು, ಅವರಿಗೆ ಮತ್ತೊಬ್ಬರದು. ಒಟ್ಟು ಎಂಟುನೂರು ದಾಟಿತು.

"ಅವು ತಾವಾಗಿಯೇ ಬರುತ್ತವೆ ಮಾಮಿ."

ನಿಶ್ಚಿತಾರ್ಥಕ್ಕೂ ಇವನ ಕಡೆಯವರು ಹನ್ನೆರಡೇ ಜನ ಎಂದಿದ್ದರು. ಮೂರನೇ ಪಂಕ್ತಿಗೆ ಸಾರಿಗೆ ನೀರು ಸೇರಿಸಿದವಳು ನಾನು.

೨. ಇನ್ನಂಜೆಯಲ್ಲಿ

ಇನ್ನಂಜೆಯಲ್ಲಿ ಲ್ಯಾಬಿನವರ ರಕ್ತ ತೆಗೆಯುವ ಕೇಂದ್ರ ಉಂಟು. ಅಲ್ಲಿಯ ಕಂಪ್ಯೂಟರಿಗೆ ನಮ್ಮ ಸಾಫ್ಟ್‌ವೇರ್ ಹಾಕಬೇಕಿತ್ತು. "ಬೇಕಾದ ಹೊರಗಿನ ಕೋಡನ್ನೆಲ್ಲ ಪ್ಯಾಕೇಜಿನೊಳಗೇ ಕಟ್ಟಿಕೊಂಡು ಹೋಗು," ಎಂದು ಅಳಿಯನಿಗೆ ಹೇಳಿದ್ದೆ.

"ಈಗ ಯಾರೂ ಹಾಗೆ ಮಾಡುವುದಿಲ್ಲ. ನೆಟ್‌ನಿಂದ ಅದೇ ಇಳಿಸಿಕೊಳ್ಳುತ್ತದೆ."

ನೆಟ್ ಇರಲಿಲ್ಲ. ಅಳಿಯ ಗದ್ದೆಯ ಬದುವಿನಲ್ಲಿ ಮೊಬೈಲ್ ಎತ್ತಿ ಹಿಡಿದು ನಿಂತ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಹನ್ನೊಂದು ಗಂಟೆಯವರೆಗೂ ಬೆಂಚಿನ ಮೇಲೆ ಕೂತರು. ಕೊನೆಗೆ ಒಬ್ಬಳು ಅಜ್ಜಿ ಹೇಳಿದಳಂತೆ, "ಬುತ್ತಿ ಮನೆಯಲ್ಲಿ ಬಿಟ್ಟು ಬಂದದ್ದು ನೀನು, ಉಪವಾಸ ಕೂತದ್ದು ನಾವು, ಅಲ್ವಾ ಮಾರಾಯ?"

೩. ಎರಡು ನಿಮಿಷ

ಒಂದು ಸೋಮವಾರ ನಮ್ಮದು, ಹೊರಗಿನದು ಎಲ್ಲ ಸೇರಿಸಿ ಪ್ಯಾಕೇಜ್ ಕಟ್ಟುವುದೇ ನಿಂತಿತು. "ನಾವು ಎಂತ ಸಹ ಮುಟ್ಟಲಿಲ್ಲ," ಎಂದಳು ಮಗಳು. ನಿಜ. ಮುಟ್ಟಿದವರು ಹೊರಗಿನವರು. ಇಂಥದ್ದೇ ಆವೃತ್ತಿ ಬೇಕು ಎಂದು ಇವರು ಬರೆದಿರಲಿಲ್ಲ. ಒಂದು ಕೋಡಿನ ಹೊಸ ಆವೃತ್ತಿ ತಾನಾಗಿಯೇ ಬಂದು ಕೂತಿತ್ತು. ಎರಡು ದಿನ ಇಬ್ಬರೂ ತಲೆ ಕೆರೆದುಕೊಂಡರು. ಬುಧವಾರ ನಾನು ರಿಜಿಸ್ಟರ್ ತೆರೆದು ಹಳೆಯ ಆವೃತ್ತಿಯ ಸಂಖ್ಯೆ ಓದಿದೆ. ಅವಳು ಟೈಪ್ ಮಾಡಿದಳು, ಓಡಿತು.

"ಇದನ್ನು ಕಂಪ್ಯೂಟರಿನಲ್ಲಿ ಬರೆಯಬಾರದಾ ಅಮ್ಮ? ಪುಟ ತಿರುಗಿಸುವುದರಲ್ಲೇ ಎರಡು ನಿಮಿಷ ಹೋಯಿತು."

೪. ಕೊನೆಯ ಸಾಲು

ಒಪ್ಪಂದ ಮುಂದುವರಿಸುವ ಮೊದಲು ಲ್ಯಾಬಿನವರು ಒಬ್ಬ ಪರಿಶೀಲಕಿಯನ್ನು ಕಳಿಸಿದರು. ಹೊರಗಿನ ಪ್ರತಿಯೊಂದು ಕೋಡಿನ ಹೆಸರು, ಆವೃತ್ತಿ, ಮಾಡಿದವರು, ಬಳಸುವ ಷರತ್ತು, ಎಲ್ಲದರ ಪಟ್ಟಿ ಬೇಕು, ಇಲ್ಲದಿದ್ದರೆ ಒಪ್ಪಂದ ಇಲ್ಲ. ಮಗಳು ನನ್ನ ರಿಜಿಸ್ಟರನ್ನು ಟೈಪ್ ಮಾಡಿಸಿ ಮುಂದಿಟ್ಟಳು.

"ಇಷ್ಟು ಅಚ್ಚುಕಟ್ಟಾದದ್ದು ನಾನು ನೋಡಿಲ್ಲ. ಯಾರು ಮಾಡಿದ್ದು?"

ನಾನು ಅಲ್ಲೇ ಕೂತಿದ್ದೆ. ಸೆರಗು ಸರಿಮಾಡಿಕೊಂಡೆ.

"ಅದಕ್ಕೊಂದು ಟೂಲ್ ಉಂಟು ಮೇಡಂ, ಪಟ್ಟಿ ಅದೇ ಮಾಡುತ್ತದೆ," ಎಂದಳು ಮಗಳು.

"ಹಾಗಾದರೆ ಆ ಟೂಲನ್ನೂ ಪಟ್ಟಿಗೆ ಸೇರಿಸಿ ಕಳಿಸಿ."

ಅವರು ಹೋದ ಮೇಲೆ ಇಬ್ಬರೂ ನನ್ನ ಮುಖ ನೋಡಿದರು. "ಏನಾದರೂ ಬರೆ ಅಮ್ಮ."

ಬರೆದೆ. ಹೆಸರು, ನನ್ನದೇ. ಆವೃತ್ತಿ, ಅರವತ್ತೇಳು. ಮಾಡಿದವರು, ಕುಕ್ಕುಂದೂರಿನ ದಂಪತಿ, ಈಗಿಲ್ಲ. ಷರತ್ತು: ಯಾರು ಬೇಕಾದರೂ ಬಳಸಬಹುದು, ಹೆಸರು ಹೇಳತಕ್ಕದ್ದು.

ಮಗಳು ಓದದೆ ಕಳಿಸಿದಳು. ಒಪ್ಪಂದ ಉಳಿಯಿತು. ಕಾರ್ಕಳದಿಂದ ಒಂದೇ ಪ್ರಶ್ನೆ ಬಂದಿತ್ತು: "ಕೊನೆಯ ಸಾಲಿನ ಟೂಲ್ ತುಂಬ ಹಳೆಯದು. ಬದಲಿ ಉಂಟಾ?"

ಅಳಿಯ ಆಗಲೇ ಉತ್ತರ ಬರೆದಿದ್ದ: "ಹುಡುಕುತ್ತಾ ಇದ್ದೇವೆ."