ಹೃದಯದ ಎಡಭಾಗವನ್ನು ಸ್ವಸ್ಥಾನಕ್ಕೆ ಮರಳಿಸುವ ಕುರಿತು

ಇಂದ:
ಜೀವಶಾಸ್ತ್ರದ ಅಧ್ಯಾಪಕ,
ಪ್ರೌಢಶಾಲೆ.
(ಶಾಲೆಯ ಜೀವಶಾಸ್ತ್ರ ವಿಭಾಗದಲ್ಲಿ ಈತನನ್ನು ಮೀರಿಸಿದವರಿಲ್ಲ. ವಿಭಾಗದಲ್ಲಿ ಇರುವುದು ಈತನೊಬ್ಬನೇ ಎಂಬುದು ಬೇರೆ ಮಾತು.)

ಗೆ:
ಮಾನ್ಯ ಶಿಕ್ಷಣಾಧಿಕಾರಿಗಳು,
ಶಿಕ್ಷಣ ಇಲಾಖೆ.

ವಿಷಯ: ಜೀವಶಾಸ್ತ್ರದ ಮೂಲ ಪರಿಕಲ್ಪನೆಗಳ ಪುನರಾವರ್ತನೆಯ ವೇಳೆ ಮುಖ್ಯೋಪಾಧ್ಯಾಯರ ಆದೇಶದಿಂದ ಅದಲುಬದಲಾದ ಹೃದಯವನ್ನು ಸರಿಪಡಿಸುವ ಹಾಗೂ ಒಬ್ಬ ವಿದ್ಯಾರ್ಥಿನಿಯ ಪ್ರವೇಶಪತ್ರ ಬಿಡುಗಡೆ ಮಾಡಿಸುವ ಬಗ್ಗೆ.

ಉಲ್ಲೇಖ: "ಗೋಡೆ ತಪ್ಪು ಎಂದು ಮಕ್ಕಳೆದುರು ಹೇಳಿದ್ದೇಕೆ?" ಎಂದು ಮುಖ್ಯೋಪಾಧ್ಯಾಯರಿಂದ ಅರ್ಜಿದಾರನಿಗೆ ಬಂದಿರುವ ಕಾರಣ ಕೇಳುವ ನೋಟಿಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರನ ಪಾಠ ಕೇಳಿದರೆ ಗೋಡೆಯ ಮೇಲಿನ ಹಲ್ಲಿಯೂ ತನ್ನ ಬಾಲ ಮತ್ತೆ ಬೆಳೆಯುವ ಬಗೆಯನ್ನು ಎರಡು ಅಂಕದ ಉತ್ತರವಾಗಿ ಬರೆದೀತು. ಆತ ಕರಿಹಲಗೆಯ ಮೇಲೆ ಬಿಡಿಸಿದ ಜೀವಕೋಶ ಎಲ್ಲಿ ಎರಡಾಗಿಬಿಡುತ್ತದೋ ಎಂದು ಅದನ್ನು ಒರೆಸಲು ಜವಾನ ಹೆದರುತ್ತಾನೆ. ಇದು ಜಂಬವಲ್ಲ, ದಾಖಲೆಗಾಗಿ ಸಲ್ಲಿಸಿರುವುದು.

೨. ಅಂಥ ಅರ್ಜಿದಾರನು ಪರೀಕ್ಷೆ ಹತ್ತಿರ ಬಂದ ಕಾರಣ ಶೌಚಾಲಯಕ್ಕೆ ಹೋಗುವ ಓಣಿಯ ಗೋಡೆಯ ಮೇಲೆ ಜೀವಕೋಶ, ದ್ಯುತಿಸಂಶ್ಲೇಷಣೆ, ಆಹಾರ ಸರಪಳಿ ಹಾಗೂ ಹೃದಯದ ಚಿತ್ರಗಳನ್ನು ಬೋರ್ಡು ಬರೆಯುವವನಿಂದ ಬರೆಸಿದನು. ಮಕ್ಕಳು ಎಷ್ಟೇ ಅವಸರದಲ್ಲಿದ್ದರೂ ಓದಿಕೊಂಡೇ ಹೋಗಲಿ ಎಂಬ ದೂರದೃಷ್ಟಿ ಅದರಲ್ಲಿತ್ತು.

೩. ಮುಖ್ಯೋಪಾಧ್ಯಾಯರು ಮೂಲತಃ ರೇಖಾಗಣಿತದವರು. ಅವರು ಹೃದಯದ ಮುಂದೆ ನಿಂತು, ಎದೆ ಮುಟ್ಟಿಕೊಂಡು, ಹುಬ್ಬು ಗಂಟಿಕ್ಕಿದರು.

"ಏನ್ರೀ ಇದು? ನನ್ನ ಎಡಗೈ ಈ ಕಡೆ ಇದೆ. ನೀವು ಎಡ ಅಂತ ಆ ಕಡೆ ಬರೆಸಿದ್ದೀರಿ!"

"ಸಾರ್, ಅದು ನಮಗೆ ಮುಖ ಮಾಡಿ ನಿಂತವನ ಹೃದಯ. ನೀವು ನನ್ನೆದುರು ನಿಂತರೆ ನಿಮ್ಮ ಎಡ ನನ್ನ ಬಲಕ್ಕೆ ಬರಲ್ವಾ?"

"ನಾನ್ಯಾಕ್ರೀ ನಿಮ್ಮ ಬಲಕ್ಕೆ ಬರಲಿ? ಮುಖ್ಯೋಪಾಧ್ಯಾಯ ಯಾರು, ನಾನೋ ನೀವೋ?"

ಈ ಪ್ರಶ್ನೆಗೆ ಜೀವಶಾಸ್ತ್ರದಲ್ಲಿ ಉತ್ತರವಿಲ್ಲ. ಆದ್ದರಿಂದ ಮುಖ್ಯೋಪಾಧ್ಯಾಯರ ಆದೇಶದಂತೆ ಬೋರ್ಡು ಬರೆಯುವವನನ್ನು ಮತ್ತೆ ಕರೆಸಿ ಎಡವನ್ನು ಬಲವಾಗಿಯೂ ಬಲವನ್ನು ಎಡವಾಗಿಯೂ ತಿದ್ದಿಸಲಾಯಿತು.

"ಬಣ್ಣಾನೂ ಅದಲು ಬದಲು ಮಾಡ್ಲಾ ಸಾರ್?" ಎಂದು ಅವನು ಕೇಳಿದನು.

"ಬೇಡಪ್ಪ, ಬಣ್ಣ ಸರಿಯಾಗೇ ಇದೆ. ಸುಮ್ನೆ ಖರ್ಚು" ಎಂದರು ಮುಖ್ಯೋಪಾಧ್ಯಾಯರು.

ಹೀಗಾಗಿ, ಈ ಶಾಲೆಯ ವ್ಯಾಪ್ತಿಯಲ್ಲಿ ಕೆಂಪು ಬಣ್ಣದ ಶುದ್ಧ ರಕ್ತ ಈಗ ಬಲ ಹೃತ್ಕುಕ್ಷಿಯಿಂದ ಹೊರಡುತ್ತಿದೆ. ಹೋಗುವಾಗ ಸಾಹೇಬರು ಆಹಾರ ಸರಪಳಿಯತ್ತಲೂ ಕಣ್ಣು ಹಾಯಿಸಿ, "ಹುಲ್ಲು ಮಿಡತೇನ ತಿನ್ನುತ್ತೇನ್ರೀ? ಬಾಣ ತಿರುಗಿಸಿ" ಎಂದರು. ಬಾಣ ತೋರಿಸುವುದು ಆಹಾರ ಯಾರಿಗೆ ಸೇರುತ್ತದೆ ಎಂಬುದನ್ನು ಎಂದು ಹೇಳಲು ಹೋದ ಅರ್ಜಿದಾರನು ಅವರ ಮುಖ ನೋಡಿ, ತಾನು ಸದ್ಯ ಸರಪಳಿಯ ಯಾವ ಕೊಂಡಿಯಲ್ಲಿದ್ದೇನೆ ಎಂಬುದನ್ನು ಅರಿತುಕೊಂಡನು.

೪. ಪಠ್ಯಪುಸ್ತಕದಲ್ಲಿ ಮಾತ್ರ ಎಡ ಎಡವಾಗಿಯೇ ಇತ್ತು. ಮುಖ್ಯೋಪಾಧ್ಯಾಯರ ಅಪ್ಪಣೆಯಂತೆ ಅದನ್ನು ಅಚ್ಚಿನ ದೋಷವೆಂದು ತೀರ್ಮಾನಿಸಿ, ಒಂದು ಇಡೀ ಪುನರಾವರ್ತನೆ ತರಗತಿಯಲ್ಲಿ ಎಲ್ಲ ಮಕ್ಕಳಿಂದ ಪುಸ್ತಕಗಳನ್ನು ಶಾಯಿಯಲ್ಲಿ ತಿದ್ದಿಸಲಾಯಿತು. ಶಾಲೆಯ ಚರಿತ್ರೆಯಲ್ಲೇ ಇಷ್ಟು ಶ್ರದ್ಧೆಯ ಪುನರಾವರ್ತನೆ ನಡೆದಿಲ್ಲ. ಆಗಲೇ ಅರ್ಜಿದಾರನು ಎದ್ದು ನಿಂತು, "ಗೋಡೆ ತಪ್ಪು ಮಕ್ಕಳೇ" ಎಂದು ಸಿಂಹದಂತೆ ಗರ್ಜಿಸಿದನು. ಅದು ಕೆಮ್ಮಿನಂತೆ ಕೇಳಿಸಿತೆಂದು ಕೆಲವರು ಹೇಳುತ್ತಾರೆ. ನೋಟಿಸು ಬಂದಿರುವುದರಿಂದ ಗರ್ಜನೆಯೇ ಎಂಬುದು ಸಾಬೀತಾಗಿದೆ.

೫. ಬಳಿಕ ನಡೆದ ಕಿರುಪರೀಕ್ಷೆಯಲ್ಲಿ ಹೃದಯದ ಚಿತ್ರ ಕೇಳಲಾಯಿತು. ಇದರಲ್ಲಿ ತೇರ್ಗಡೆಯಾಗದವರಿಗೆ ಸಾರ್ವಜನಿಕ ಪರೀಕ್ಷೆಯ ಪ್ರವೇಶಪತ್ರ ಕೊಡುವುದಿಲ್ಲ. ಹಾಗೆ ಸೋಲುವವರನ್ನು ಮೊದಲೇ ಹೊರಗಿಟ್ಟು ಶಾಲೆ ನೂರಕ್ಕೆ ನೂರು ಫಲಿತಾಂಶ ಗಳಿಸುತ್ತದೆ. ಮುಖ್ಯೋಪಾಧ್ಯಾಯರು ಉತ್ತರಪತ್ರಿಕೆಗಳನ್ನು ಹಿಡಿದು ಓಣಿಗೆ ಹೋಗಿ, ಗೋಡೆ ನೋಡಿ ನೋಡಿ ಅಂಕ ಹಾಕಿದರು. ಎಲ್ಲರೂ ಗೋಡೆಯಂತೆಯೇ ಬರೆದಿದ್ದರು. ಗೆರೆ ಕೊಂಚ ಡೊಂಕಾದರೂ ಅಳಿಸಿ ಮತ್ತೆ ಎಳೆಯುವ ಕಾರಣ ಗೆಳತಿಯರು ಸ್ಕೇಲು ಎಂದು ಕರೆಯುವ ಒಬ್ಬ ಹುಡುಗಿ ಮಾತ್ರ ಹೃದಯವನ್ನು ಸರಿಯಾಗಿ ಬರೆದಳು. ಚಿತ್ರಕ್ಕೆ ಸೊನ್ನೆ, ಚಿತ್ರವನ್ನು ನಂಬಿ ಬರೆದ ರಕ್ತ ಪರಿಚಲನೆಯ ಉತ್ತರಕ್ಕೂ ಸೊನ್ನೆ. ಫೇಲು.

೬. ಆಕೆಯನ್ನು ಮುಖ್ಯೋಪಾಧ್ಯಾಯರ ಕೊಠಡಿಗೆ ಕರೆಸಲಾಯಿತು. ಅರ್ಜಿದಾರನು ಬಾಗಿಲ ಬಳಿ ನಿಂತಿದ್ದನು.

"ತಪ್ಪಾಯ್ತು ಅಂತ ಬರ್ಕೊಡು, ಗೋಡೇಲಿರೋ ಹಾಗೆ ಚಿತ್ರ ಬಿಡಿಸಿಕೊಡು. ಪ್ರವೇಶಪತ್ರ ಇಗೋ, ಡ್ರಾಯರ್‌ನಲ್ಲೇ ಇದೆ."

"ಮತ್ತೆ ದೊಡ್ಡ ಪರೀಕ್ಷೇಲಿ ಯಾವುದು ಬರೀಲಿ ಸಾರ್?"

"ಅಲ್ಲಿ ನಿನ್ನಿಷ್ಟ ಕಣಮ್ಮ. ಅಲ್ಲೇನು ನನ್ನ ಗೋಡೆ ಇರುತ್ತಾ?"

"ಹಾಗಾದ್ರೆ ಅಲ್ಲೇ ಬರೀತೀನಿ ಸಾರ್. ಇಲ್ಲಿ ಬರೆಯಲ್ಲ" ಎಂದು ಪೆನ್ನಿಗೆ ಮುಚ್ಚಳ ಹಾಕಿ ಆಕೆ ಹೊರಬಂದಳು.

ಇದೇ ಮಾತನ್ನು ಹೇಳಲೆಂದು ಅರ್ಜಿದಾರನು ಬಾಯಿ ತೆರೆದಿದ್ದನು. ಆಕೆ ಮೊದಲೇ ಹೇಳಿಬಿಟ್ಟಳು. ಆದ ಕಾರಣ ಅರ್ಧ ಕೀರ್ತಿ ಅರ್ಜಿದಾರನಿಗೂ ಸಲ್ಲತಕ್ಕದ್ದು.

ಓಣಿಯಲ್ಲಿ ಆಕೆ ಕೇಳಿದಳು: "ಸೋಮವಾರ ದೊಡ್ಡ ಪರೀಕ್ಷೆಗೆ ಹೋದ್ರೆ ನನ್ನನ್ನ ಗೇಟಲ್ಲೇ ನಿಲ್ಲಿಸ್ತಾರಾ ಸಾರ್?"

"ಸುಮ್ನಿರಮ್ಮ. ನಾನೊಂದು ಅರ್ಜಿ ಬರೆದೆ ಅಂದ್ರೆ ಇಲಾಖೆಗೆ ಇಲಾಖೆಯೇ ನಡುಗುತ್ತೆ."

"ಸೋಮವಾರದೊಳಗೆ ನಡುಗುತ್ತಾ ಸಾರ್?"

ಆದ್ದರಿಂದ, ಮೇಲೆ ವಿವರಿಸಿದ ಕಾರಣಗಳಿಗಾಗಿ, ತಾವು ದಯಮಾಡಿ ಸೋಮವಾರಕ್ಕೆ ಮುಂಚೆಯೇ ನಡುಗಬೇಕಾಗಿಯೂ, ಸದರಿ ಪ್ರವೇಶಪತ್ರವನ್ನು ಡ್ರಾಯರ್‌ನಿಂದ ಬಿಡುಗಡೆ ಮಾಡಿಸಬೇಕಾಗಿಯೂ ಕೋರಿಕೆ. ಅದು ಸಾಧ್ಯವಿಲ್ಲವೆಂದಾದರೆ, ಶಾಲೆಯ ಸಮಸ್ತ ಸಿಬ್ಬಂದಿ ತಮ್ಮ ತಮ್ಮ ಹೃದಯಗಳನ್ನು ಗೋಡೆಗೆ ಅನುಗುಣವಾಗಿ ಬದಲಾಯಿಸಿಕೊಳ್ಳುವಂತೆ ಸುತ್ತೋಲೆ ಹೊರಡಿಸುವುದು. ಮೊದಲ ಅವಕಾಶವನ್ನು, ಸೇವಾ ಜ್ಯೇಷ್ಠತೆಯ ಪ್ರಕಾರ, ಮುಖ್ಯೋಪಾಧ್ಯಾಯರಿಗೇ ಕೊಡುವುದು. ಅರ್ಜಿದಾರನ ಹೃದಯ ಅತಿ ವಿಶಾಲವಾದ್ದರಿಂದ ಆತನಿಗೆ ಹೆಚ್ಚಿನ ಕಾಲಾವಕಾಶ ಬೇಕಾಗುತ್ತದೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
(ಸಹಿ)
ಜೀವಶಾಸ್ತ್ರದ ಅಧ್ಯಾಪಕ

ಲಗತ್ತುಗಳು:
೧. ಗೋಡೆಯ ಛಾಯಾಚಿತ್ರ.
೨. ಅರ್ಜಿದಾರನಿಗೆ ಬಂದ ನೋಟಿಸಿನ ನಕಲು.
೩. ಹುಡುಗಿಯ ಉತ್ತರಪತ್ರಿಕೆ, ಮೂಲಪ್ರತಿ.

ವಿ.ಸೂ.: ಮೂರನೆಯ ಲಗತ್ತನ್ನು ಮಡಚದೆ, ಮೊಹರು ಒತ್ತದೆ, ಶನಿವಾರದೊಳಗೆ ಹಿಂದಿರುಗಿಸತಕ್ಕದ್ದು. ಶಾಲೆಯಲ್ಲಿ ಸರಿಯಾಗಿ ಉಳಿದಿರುವ ಹೃದಯದ ಚಿತ್ರ ಅದೊಂದೇ. ಉಳಿದ ಮಕ್ಕಳು ಅದನ್ನು ನೋಡಿ ಬರೆದುಕೊಳ್ಳಲು ಸಾಲಾಗಿ ಕಾದಿದ್ದಾರೆ.